ಮಷೀನು ಬಂತು, ಮೆಣಸಿನಕಾಯಿಗೆ ರೊಕ್ಕ ಎಲ್ಲಿ? ಮಹಿಳಾ ಸಂಘಗಳಿಗೆ ಅನುದಾನ ಕೊಡುವವರಿಗೆ ಒಂದು ಬಹಿರಂಗ ಪತ್ರ

ಮಹಿಳಾ ಸಂಘಗಳಿಗೆ ಅನುದಾನ ಕೊಡುವ ಎಲ್ಲರಿಗೂ ನಮಸ್ಕಾರ.

ಸರ್ಕಾರಿ ಕಚೇರಿಯಲ್ಲಿ ಯೋಜನೆಯ ಕಡತ ಬರೆಯುವವರು, ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು, ದತ್ತಿ ಸಂಸ್ಥೆ ನಡೆಸುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಯಾರ ಹೆಸರು ಹಿಡಿದೂ ದೂರು ಹೇಳಲು ಬಂದಿಲ್ಲ. ನೀವು ಕೊಟ್ಟ ಹಣದಿಂದ ನಮ್ಮ ಕಡೆ ಎಷ್ಟೋ ಮನೆಗಳು ಚೇತರಿಸಿಕೊಂಡಿವೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಹಣ ಬೇರೆ ರೀತಿಯಲ್ಲಿ, ಬೇರೆ ತಿಂಗಳಲ್ಲಿ ಬಂದಿದ್ದರೆ ಇನ್ನೂ ಎಷ್ಟು ಕೆಲಸ ಆಗುತ್ತಿತ್ತು ಅನ್ನುವುದನ್ನೂ ಕಂಡಿದ್ದೇನೆ. ಅದಕ್ಕೇ ಸುಮ್ನೆ ಕೂರಲು ಆಗುತ್ತಿಲ್ಲ.

ನಾನು ಹಾವೇರಿ ಜಿಲ್ಲೆಯವಳು. ಬ್ಯಾಡಗಿ ನಮಗೆ ಹತ್ತಿರ. ಹನ್ನೊಂದು ವರ್ಷದಿಂದ ಸಂಘದ ಲೆಕ್ಕ ಬರೆಯುತ್ತಿದ್ದೇನೆ. ಮೊದಲು ನಮ್ಮ ಓಣಿಯ ಒಂದು ಸಂಘದ ಲೆಕ್ಕ, ಈಗ ಪಂಚಾಯಿತಿ ಮಟ್ಟದ ಒಕ್ಕೂಟದ ಲೆಕ್ಕ. ನಡಾವಳಿ ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ನಗದು ಪುಸ್ತಕ, ಎಲ್ಲ ನನ್ನ ಕೈಯಲ್ಲೇ ಇವೆ. ಹಣ ಯಾವಾಗ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಕೈಗೆ ಸೇರುತ್ತದೆ ಅನ್ನುವುದು ಆ ಪುಸ್ತಕಗಳಲ್ಲಿ ಇದ್ದಂತೆ ಬೇರೆಲ್ಲೂ ಇಲ್ಲ.

2023ರ ಮಾರ್ಚ್ 29ರ ಮಧ್ಯಾಹ್ನ ನಮ್ಮೂರಿಗೆ ಒಂದು ಟೆಂಪೋ ಬಂತು. ಅದರಲ್ಲಿ ಖಾರದ ಪುಡಿ ಮಾಡುವ ಮಷೀನು. ಒಂದು ಅನುದಾನದ ಹಣದಲ್ಲಿ ನಮ್ಮ ಸಂಘಕ್ಕೆ ಮಂಜೂರಾಗಿತ್ತು. ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು, ನಾವು ಹೆಚ್ಚುಕಡಿಮೆ ಆಸೆಯನ್ನೇ ಬಿಟ್ಟಿದ್ದೆವು. ಆರ್ಥಿಕ ವರ್ಷ ಮುಗಿಯಲು ಎರಡೇ ದಿನ ಬಾಕಿ. ಬಿಲ್ಲು ಆಗಬೇಕು, ಫೋಟೋ ಆಗಬೇಕು, ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಆಗಬೇಕು. ಹೊಲದಲ್ಲಿದ್ದವರನ್ನೆಲ್ಲ ಕರೆಸಿ, ಒಳ್ಳೆ ಸೀರೆ ಉಟ್ಟು ಬರಲು ಹೇಳಿ, ಮಷೀನಿನ ಸುತ್ತ ನಿಲ್ಲಿಸಿ ಫೋಟೋ ತೆಗೆದರು. ಎಲ್ಲರ ಮುಖದಲ್ಲೂ ನಿಜವಾದ ಖುಷಿ ಇತ್ತು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ.

ಬಂದವರೆಲ್ಲ ಹೋದ ಮೇಲೆ ನಮ್ಮ ಸಂಘದ ಹಿರಿಯಕ್ಕ ಒಬ್ಬರು ಮಷೀನಿನ ಮೇಲೆ ಕೈ ಆಡಿಸುತ್ತಾ ಕೇಳಿದರು: "ಮಷೀನೇನೋ ಬಂತವ್ವಾ. ಇದರ ಬಾಯಾಗ ಹಾಕಾಕ ಮೆಣಸಿನಕಾಯಿಗೆ ರೊಕ್ಕ ಎಲ್ಲೈತಿ?"

ಅಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಯನ್ನು ನಿಮಗೆ ತಲುಪಿಸುವುದಕ್ಕಾಗಿ.

ಖಾರದ ಪುಡಿಯ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಹೊಸ ಮೆಣಸಿನಕಾಯಿ ಚಳಿಗಾಲದ ಕೊನೆಗೆ ಮಾರುಕಟ್ಟೆಗೆ ಬರಲು ಶುರುವಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ ಮತ್ತು ಗುರುವಾರ ಟೆಂಡರ್. ಎಲ್ಲಿ ನೋಡಿದರೂ ಕೆಂಪು ಚೀಲ, ಗಾಳಿಯಲ್ಲೇ ಘಾಟು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಈ ನೆಲದ ಬೆಳೆ ಅನ್ನುವ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಖಾರ ಕಡಿಮೆ. ಹಾಗಾಗಿ ಪುಡಿ ಮಾಡುವವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಎರಡನ್ನೂ ಹದವಾಗಿ ಬೆರೆಸುತ್ತಾರೆ. ವರ್ಷದ ಮೆಣಸಿನಕಾಯಿಯನ್ನು ಈ ಮೂರು ತಿಂಗಳಲ್ಲೇ ಕೊಳ್ಳಬೇಕು. ಕೊಂಡು ಬಿಸಿಲಿಗೆ ಹಾಕಿ, ತೊಟ್ಟು ಬಿಡಿಸಿ, ಒಳ್ಳೆಯದನ್ನು ಆರಿಸಿ, ಸಾಧ್ಯವಾದರೆ ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕು. ಹೊರಗಿಟ್ಟರೆ ಮಳೆಗಾಲದ ಹೊತ್ತಿಗೆ ಬಣ್ಣ ಇಳಿಯುತ್ತದೆ, ಬಿಳಿಗಾಯಿ ಆಗುತ್ತದೆ. ಅಂದರೆ ಜನವರಿಯಲ್ಲಿ ಹಾಕಿದ ಹಣ ತಿರುಗಿ ಕೈಗೆ ಬರುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ.

ವರ್ಷವಿಡೀ ಆ ಮಷೀನು ತಿರುಗಬೇಕಾದರೆ ನಮ್ಮ ಲೆಕ್ಕದಲ್ಲಿ ಕಡಿಮೆ ಅಂದರೂ ಹತ್ತು ಕ್ವಿಂಟಲ್ ಮೆಣಸಿನಕಾಯಿ ಬೇಕು. ಅದಕ್ಕೆ ಬೇಕಾದ ಹಣ ಮಷೀನಿನ ಬೆಲೆಗಿಂತ ಜಾಸ್ತಿ. ಅನುದಾನದ ಆದೇಶದಲ್ಲಿ ಮಾತ್ರ "ಯಂತ್ರೋಪಕರಣಕ್ಕೆ ಮಾತ್ರ" ಅಂತ ಬರೆದಿತ್ತು. ಕಚ್ಚಾ ಮಾಲಿಗೆ ಒಂದು ರೂಪಾಯಿ ಬಳಸುವಂತಿಲ್ಲ. ಮಷೀನು ಬಂದಾಗ ಹಂಗಾಮು ಮುಗಿಯುತ್ತಾ ಬಂದಿತ್ತು, ಸಂಘದ ಉಳಿತಾಯ ಪೂರ್ತಿ ಮಕ್ಕಳ ಫೀಸು, ಆಸ್ಪತ್ರೆ, ಬಿತ್ತನೆ ಅಂತ ಸದಸ್ಯರಿಗೇ ಸಾಲವಾಗಿ ಹೋಗಿತ್ತು.

ಇನ್ನೊಂದು ಸಂಗತಿ ಯಾರೂ ನೋಡಿರಲಿಲ್ಲ. ಮಷೀನಿಗೆ ತ್ರೀ ಫೇಸ್ ಕರೆಂಟ್ ಬೇಕಿತ್ತು. ಅದನ್ನಿಟ್ಟ ಹಳೆಯ ಕಟ್ಟಡದಲ್ಲಿ ಇದ್ದದ್ದು ಸಿಂಗಲ್ ಫೇಸ್. ಹೊಸ ಸಂಪರ್ಕಕ್ಕೆ ಅರ್ಜಿ, ಅಂದಾಜು ಪಟ್ಟಿ, ಠೇವಣಿ, ಕಟ್ಟಡದ ಕಾಗದಪತ್ರ ಅಂತ ನಾಲ್ಕು ತಿಂಗಳು ಓಡಾಡಿದೆವು. ಠೇವಣಿಯ ಹಣಕ್ಕೆ ಅನುದಾನದಲ್ಲಿ ಜಾಗ ಇರಲಿಲ್ಲ, ತಲಾ ಇಷ್ಟು ಅಂತ ಹಾಕಿಕೊಂಡು ಕಟ್ಟಿದೆವು. ಹೀಗೆ ಒಂಬತ್ತು ತಿಂಗಳು ಆ ಹೊಸ ಮಷೀನು ತಾಡಪತ್ರಿಯ ಕೆಳಗೆ ಕೂತಿತ್ತು. ವರದಿಯಲ್ಲಿ ಮಾತ್ರ ಅದು ಮಾರ್ಚ್ 31ಕ್ಕೇ "ಪೂರ್ಣಗೊಂಡಿದೆ".

ಅದು ಕೊನೆಗೂ ತಿರುಗಿದ್ದು ಹೇಗೆ ಅಂತ ಕೇಳಿ. ಆ ವರ್ಷದ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾಯಿತು. ತಿಂಗಳಿಗೆ ಎರಡು ಸಾವಿರ ಯಜಮಾನಿಯ ಖಾತೆಗೆ ನೇರವಾಗಿ ಬರತೊಡಗಿತು. ಜನವರಿಯ ಒಂದು ಸಭೆಯಲ್ಲಿ ಅದೇ ಹಿರಿಯಕ್ಕ ಸೆರಗಿನ ಗಂಟು ಬಿಚ್ಚಿ ಆರು ಸಾವಿರ ರೂಪಾಯಿ ಚಾಪೆಯ ಮೇಲೆ ಇಟ್ಟರು. "ಮೂರು ತಿಂಗಳದ್ದು ಮುಟ್ಟಿಲ್ಲ. ನಾನು ಹಾಕ್ತೀನಿ. ಮತ್ಯಾರು ಹಾಕ್ತೀರಿ?" ಅಂದರು. ಮುಂದಿನ ಸೋಮವಾರದೊಳಗೆ ಹನ್ನೊಂದು ಜನ ಹಾಕಿದರು. ಅರವತ್ತಾರು ಸಾವಿರ ಆಯಿತು. ಸಂಘದ ಒಳಸಾಲದಿಂದ, ಅಂದರೆ ಸಂಘ ತನ್ನ ನಿಧಿಯಿಂದಲೇ ಸದಸ್ಯರಿಗೆ ಕೊಡುವ ಸಾಲದಿಂದ, ನಲವತ್ತು ಸಾವಿರ ಸೇರಿಸಿ, ಮೂರು ಕ್ವಿಂಟಲ್ ತಂದೆವು.

ತೊಟ್ಟು ಬಿಡಿಸಿದ ಆ ದಿನಗಳನ್ನು ನಾನು ಮರೆಯುವುದಿಲ್ಲ. ನಮ್ಮ ಸಂಘದ ಅರ್ಧ ಜನ ಬ್ಯಾಡಗಿಯಲ್ಲಿ ಬೇರೆಯವರ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೂಲಿ ತಂದವರು. ಕಿಲೋ ಲೆಕ್ಕದ ಕೂಲಿ. ಬೆರಳ ತುದಿ ಉರಿಯುತ್ತಿದ್ದರೂ ನಿಲ್ಲಿಸುವಂತಿಲ್ಲ. ಅದೇ ಬೆರಳುಗಳು ಈಗ ತಮ್ಮದೇ ರಾಶಿಯ ಮುಂದೆ ಕೂತಿದ್ದವು. ಬಾಯಿಗೆ ಸೆರಗು ಕಟ್ಟಿಕೊಂಡು, ಸೀನುತ್ತಾ, ಕೆಮ್ಮುತ್ತಾ, ಯಾವ ಕಾಯಿ ಪುಡಿಗೆ, ಯಾವುದು ಬೇಡ ಅಂತ ಜಗಳವಾಡುತ್ತಾ ಕೆಲಸ ಮಾಡಿದರು. ಕೂಲಿಗೆ ಹೋದಾಗ ಯಾವತ್ತೂ ಬಾಯಿ ತೆರೆಯದ ಒಬ್ಬಳು ಅಂದು "ಇದನ್ನ ಹಾಕಬ್ಯಾಡ್ರಿ, ನಮ್ಮ ಹೆಸರು ಕೆಡತೈತಿ" ಅಂತ ಒಂದು ಮೊರ ಕಾಯಿಯನ್ನು ಬದಿಗೆ ಸರಿಸಿದಳು. ನಮ್ಮ ಹೆಸರು ಅಂದಳು. ನಾನು ಲೆಕ್ಕದ ಪುಸ್ತಕ ಮುಚ್ಚಿ ಅವಳನ್ನೇ ನೋಡುತ್ತಾ ಕೂತೆ.

ಆ ಮಾರ್ಚ್‌ನಲ್ಲೇ ದರ ಕುಸಿದು, ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿದ್ದು ನಿಮಗೆ ನೆನಪಿರಬಹುದು. 2024ರ ಮಾರ್ಚ್ 11. ಅವತ್ತು ನಮ್ಮೂರಿನ ರೈತರೂ ಚೀಲ ತುಂಬಿಕೊಂಡು ಏನು ಮಾಡುವುದು ಅಂತ ತಿಳಿಯದೆ ಕೂತಿದ್ದರು. ನಮ್ಮ ಕೈಯಲ್ಲಿ ಇನ್ನೆರಡು ಲಕ್ಷ ಇದ್ದಿದ್ದರೆ ಅವರ ಮನೆ ಬಾಗಿಲಲ್ಲೇ, ಅವರಿಗೆ ಬೇಜಾರಾಗದ ದರಕ್ಕೆ, ನಮ್ಮ ವರ್ಷದ ಮಾಲು ಕೊಳ್ಳಬಹುದಿತ್ತು. ಅವರಿಗೂ ಆಗುತ್ತಿತ್ತು, ನಮಗೂ ಆಗುತ್ತಿತ್ತು. ಹಣ ಇರಲಿಲ್ಲ.

ಈಗ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಹದಿನಾಲ್ಕು ತಿಂಗಳು ಕಡತದಲ್ಲಿ ಓಡಾಡಿ ಬಂದ ದೊಡ್ಡ ಹಣಕ್ಕೆ ಆಗದ ಕೆಲಸ ಹನ್ನೊಂದು ಹೆಂಗಸರ ಆರಾರು ಸಾವಿರಕ್ಕೆ ಹೇಗೆ ಆಯಿತು? ನನಗೆ ಕಂಡ ಕಾರಣ ಇಷ್ಟು. ಗೃಹಲಕ್ಷ್ಮಿ ಹಣವನ್ನು ಇಂಥದ್ದಕ್ಕೇ ಬಳಸು ಅಂತ ಯಾರೂ ಹೇಳಿರಲಿಲ್ಲ. ಇಷ್ಟು ದಿನದೊಳಗೆ ಮುಗಿಸು ಅಂತಲೂ ಹೇಳಿರಲಿಲ್ಲ. ಅದು ಅವರ ಕೈಯಲ್ಲಿ ಕಾದು ಕೂತಿತ್ತು. ಹಂಗಾಮು ಬಂದ ದಿನ ಮೆಣಸಿನಕಾಯಿ ಆಯಿತು.

ನಾನು ಕೇಳುತ್ತಿರುವುದು ಹೊಸದೇನಲ್ಲ. ಈ ಪಾಠ ಕರ್ನಾಟಕದಲ್ಲೇ ಹುಟ್ಟಿದ್ದು. ಎಂಬತ್ತರ ದಶಕದ ನಡುವಿನಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಸರಿಯಾಗಿ ನಡೆಯದೆ ಹೋದಾಗ, ಜನ ತಮಗೆ ನಂಬಿಕೆ ಇದ್ದವರ ಜೊತೆ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಉಳಿತಾಯ ಶುರು ಮಾಡಿದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಆ ಸಂಸ್ಥೆಗೆ ಹತ್ತು ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆ ಹಣ ಹೋಗಿದ್ದು ಗುಂಪುಗಳ ಉಳಿತಾಯಕ್ಕೆ ಜೋಡಿಯಾಗಿ, ಅವರ ಸ್ವಂತ ನಿಧಿಗೆ ಬೀಜದ ಹಣವಾಗಿ. ಯಾರಿಗೆ ಎಷ್ಟು, ಯಾವುದಕ್ಕೆ ಅಂತ ತೀರ್ಮಾನಿಸಿದ್ದು ಗುಂಪು. ಅದರಿಂದ ಕಲಿತದ್ದನ್ನು ಇಟ್ಟುಕೊಂಡೇ 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈ ಹಾಕಿತು. ಇವತ್ತು ದೇಶದ ತುಂಬ ಇರುವ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಆಗ ಅಷ್ಟು ಬಡ ಹೆಂಗಸರನ್ನು ನಂಬಲು ಸಾಧ್ಯವಾಯಿತು. ಈಗ ನಮ್ಮ ಹತ್ತಿರ ವರ್ಷಗಟ್ಟಲೆಯ ಪುಸ್ತಕಗಳಿವೆ, ಬ್ಯಾಂಕಿನ ಸಾಲ ತೀರಿಸಿದ ದಾಖಲೆ ಇದೆ. ಈಗ ಯಾಕೆ ಆಗುವುದಿಲ್ಲ?

ಸರ್ಕಾರದ ಯೋಜನೆಗಳಲ್ಲಿ ಈ ನಂಬಿಕೆ ಪೂರ್ತಿ ಹೋಗಿಲ್ಲ, ಅದನ್ನೂ ಹೇಳಬೇಕು. ಹಳ್ಳಿ ಹೆಂಗಸರ ಜೀವನೋಪಾಯಕ್ಕಾಗಿ ಇರುವ ಸಂಜೀವಿನಿ ಯೋಜನೆಯಲ್ಲಿ ಸಂಘಗಳಿಗೆ ಕೊಡುವ ಸುತ್ತುನಿಧಿ, ಒಕ್ಕೂಟದ ಮೂಲಕ ಬರುವ ಸಮುದಾಯ ಬಂಡವಾಳ ನಿಧಿ, ಇವೆರಡೂ ಒಳ್ಳೆಯ ಹಣ. ನಮ್ಮಲ್ಲೇ ತಿರುಗುತ್ತದೆ, ಒಬ್ಬರು ತೀರಿಸಿದರೆ ಇನ್ನೊಬ್ಬರಿಗೆ ಹೋಗುತ್ತದೆ. ಕಿರು ಆಹಾರ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಆಹಾರ ತಯಾರಿಸುವ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳ ಇಟ್ಟಿದ್ದಾರೆ. ಅದನ್ನು ದುಡಿಮೆಯ ಬಂಡವಾಳಕ್ಕೂ ಸಣ್ಣ ಉಪಕರಣಕ್ಕೂ ಬಳಸಬಹುದು. ಇದನ್ನು ಬರೆದವರು ಯಾರೋ ಒಮ್ಮೆಯಾದರೂ ಹಪ್ಪಳ ಒಣಗಿಸುವವರ ಪಕ್ಕ ಕೂತು ಮಾತಾಡಿರಬೇಕು ಅನ್ನಿಸುತ್ತದೆ. ಉಳಿದ ಅನುದಾನಗಳಲ್ಲೂ ಇಂಥದ್ದೊಂದು ಸಾಲು ಬರಬಾರದೇಕೆ?

ಕಂಪನಿಯವರಿಗೆ ಒಂದು ವಿಶೇಷ ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ನೀವು ಲಾಭದ ಎರಡು ಪರ್ಸೆಂಟ್ ಖರ್ಚು ಮಾಡುತ್ತೀರಿ. ಆ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮಹಿಳೆಯರ ಸಬಲೀಕರಣವೂ ಇದೆ. ನಮ್ಮ ಹತ್ತಿರ ಬರುವವರೆಲ್ಲ "ಮಾರ್ಚ್‌ನೊಳಗೆ ಮುಗಿಯಬೇಕು" ಅನ್ನುತ್ತಾರೆ. ನಾನು ನಿಯಮ ಓದಿಸಿ ಕೇಳಿದ್ದೇನೆ. ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ನಡೆಯುವ ಕೆಲಸವನ್ನು "ನಡೆಯುತ್ತಿರುವ ಯೋಜನೆ" ಅಂತ ತೆಗೆದುಕೊಳ್ಳಲು ಕಾನೂನೇ ದಾರಿ ಕೊಟ್ಟಿದೆ. ಆ ವರ್ಷ ಉಳಿದ ಹಣವನ್ನು ಅದಕ್ಕಾಗಿಯೇ ತೆರೆದ ಪ್ರತ್ಯೇಕ ಖಾತೆಯಲ್ಲಿ ಇಡಬಹುದು. ಕಾನೂನು ಮೂರು ವರ್ಷ ಕೊಡುತ್ತಿರುವಾಗ ನಮಗೆ ಯಾಕೆ ಹನ್ನೊಂದು ತಿಂಗಳು? ಮೆಣಸಿನಕಾಯಿ ವ್ಯಾಪಾರದಲ್ಲಿ ಮೊದಲ ವರ್ಷ ಕಲಿಯುವುದು, ಎರಡನೇ ವರ್ಷ ಗಿರಾಕಿ ಹಿಡಿಯುವುದು, ಮೂರನೇ ವರ್ಷವೇ ಸ್ವಲ್ಪ ಕಾಸು ಕಾಣುವುದು. ನೀವು ಎದ್ದು ಹೋಗುವುದು ಮೊದಲ ವರ್ಷದ ಕೊನೆಗೆ.

ಆಡಳಿತ ವೆಚ್ಚ ಐದು ಪರ್ಸೆಂಟ್ ಮೀರಬಾರದು ಅಂತ ಹೇಳಿ ಲೆಕ್ಕ ಬರೆಯುವವಳ ಸಂಬಳವನ್ನು ಬಜೆಟ್ಟಿನಿಂದ ತೆಗೆಸಿದ್ದನ್ನೂ ನೋಡಿದ್ದೇನೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ನಡೆಸಲು ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ ಅಂತ ನಿಯಮದಲ್ಲೇ ಇದೆ. ಹತ್ತು ಹೆಂಗಸರ ಮಾಲು ಎಷ್ಟು, ಮಾರಿದ್ದೆಷ್ಟು, ಅಂಗಡಿಯಲ್ಲಿ ಬಾಕಿ ಎಷ್ಟು ಅಂತ ಯಾರಾದರೂ ದಿನಾ ಬರೆಯಬೇಕಲ್ವಾ? ಅದು ಇಲ್ಲದೆ ವ್ಯಾಪಾರ ಒಂದು ವರ್ಷವೂ ನಿಲ್ಲುವುದಿಲ್ಲ. ಇದನ್ನು ನನ್ನ ಸಲುವಾಗಿ ಹೇಳುತ್ತಿಲ್ಲ. ನನ್ನ ಹಾಗೆ ರಾತ್ರಿ ಅಡುಗೆ ಮುಗಿಸಿ, ಮಕ್ಕಳು ಮಲಗಿದ ಮೇಲೆ ಪುಸ್ತಕ ತೆರೆಯುವ ಹೆಣ್ಣುಮಕ್ಕಳು ಪ್ರತಿ ಪಂಚಾಯಿತಿಯಲ್ಲೂ ಇದ್ದಾರೆ. ಸಂಘದ ಕೆಲಸ ಸೇವೆ ಅಂತ ಹೇಳಿ ಅವರನ್ನು ದಣಿಸಿದರೆ, ಒಂದು ದಿನ ಪುಸ್ತಕ ನಿಲ್ಲುತ್ತದೆ. ಪುಸ್ತಕ ನಿಂತ ಸಂಘದಲ್ಲಿ ಜಗಳ ಶುರುವಾಗಲು ಮೂರು ತಿಂಗಳು ಸಾಕು.

ಬಂಡವಾಳ ಇಲ್ಲದಿದ್ದರೆ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನೂ ನೀವು ತಿಳಿಯಬೇಕು. ಮಷೀನು ಸುಮ್ನೆ ಕೂತಿದ್ದ ವರ್ಷ ನಮ್ಮ ಒಬ್ಬ ಸದಸ್ಯೆ ತಾನೇ ಒಂದಿಷ್ಟು ಖಾರದ ಪುಡಿ ಮಾಡಿ ಮಾರುತ್ತೇನೆ ಅಂತ ಫೈನಾನ್ಸಿನಿಂದ ಸಾಲ ತಂದಳು. ವಾರಕ್ಕೊಂದು ಕಂತು. ಅಂಗಡಿಯವರು ಹಣ ಕೊಡುವುದು ನಲವತ್ತೈದು ದಿನದ ಮೇಲೆ. ಕಂತಿಗೂ ವಸೂಲಿಗೂ ತಾಳೆಯೇ ಆಗಲಿಲ್ಲ. ಆರನೇ ವಾರಕ್ಕೆ ಕಿವಿಯ ಬೆಂಡೋಲೆ ಹೋಯಿತು, ಹತ್ತನೇ ವಾರಕ್ಕೆ ಮೇಕೆ ಹೋಯಿತು. ವಸೂಲಿಗೆ ಬಂದವರು ಸಂಜೆ ಏಳಾದರೂ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ಅವಳು ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದು ಕತ್ತಲಲ್ಲಿ ಕೂತಿರುತ್ತಿದ್ದಳು. 2025ರ ಫೆಬ್ರುವರಿಯಲ್ಲಿ ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡುವವರ ಮೇಲೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬೇಕಿತ್ತು, ತಂದದ್ದು ಒಳ್ಳೆಯದೇ. ಆದರೆ ಅವಳು ಆ ಸಾಲಕ್ಕೆ ಕೈ ಚಾಚಿದ್ದು ಯಾಕೆ? ಅವಳಿಗೆ ಬೇಕಿದ್ದದ್ದು ಮೂವತ್ತು ಸಾವಿರ, ಎಂಟು ತಿಂಗಳ ಮಟ್ಟಿಗೆ. ಅಷ್ಟು ಹಣ ಕೊಡುವ ಶಕ್ತಿ ಅವಳ ಸಂಘದ ನಿಧಿಗೆ ಆಗ ಇರಲಿಲ್ಲ. ಒಂದು ಅನುದಾನ ಆ ನಿಧಿಯನ್ನು ಸ್ವಲ್ಪ ದೊಡ್ಡದು ಮಾಡಿದ್ದರೆ ಆ ಬೆಂಡೋಲೆ ಈಗಲೂ ಅವಳ ಕಿವಿಯಲ್ಲಿರುತ್ತಿತ್ತು.

ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವನ್ನು ನೋಡಿ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ಕೊಡುವ ಈಕ್ವೇಟರ್ ಪ್ರಶಸ್ತಿ ಬಂತು. 2018ರಲ್ಲಿ ಹದಿನೈದು ಹೆಂಗಸರು ಸೇರಿ ಶುರು ಮಾಡಿದ ಸಂಘ ಅದು. ಮಳೆ ನಂಬಿದ ಹೊಲಗಳ ಊರು. ಅವರು ಸಿರಿಧಾನ್ಯದ ಬೀಜ ಕೂಡಿಟ್ಟರು, ಸಮುದಾಯ ಬೀಜ ಬ್ಯಾಂಕ್ ಮಾಡಿದರು, ಸುತ್ತಲಿನ ಹಳ್ಳಿಗಳ ರೈತರಿಗೆ ಬೀಜ ಕೊಟ್ಟರು. ಸಹಜ ಸಮೃದ್ಧ ಸಂಸ್ಥೆ ಜೊತೆಗೆ ನಿಂತಿತು. ಸೋಲಾರ್‌ನಿಂದ ನಡೆಯುವ ಸಿರಿಧಾನ್ಯ ಸಂಸ್ಕರಣಾ ಘಟಕ ಬಂದದ್ದು ಆಮೇಲೆ. ಅಷ್ಟರಲ್ಲಿ ಧಾನ್ಯ ಬೆಳೆಯುವ ರೈತರು ಇದ್ದರು, ಬೀಜ ಇತ್ತು, ಹೆಂಗಸರಿಗೆ ಕೆಲಸ ಗೊತ್ತಿತ್ತು. ಬಂದ ಮಷೀನಿಗೆ ಮೊದಲ ದಿನದಿಂದಲೇ ಕೆಲಸ ಕಾದಿತ್ತು. ನಮ್ಮಲ್ಲಿ ಆದದ್ದು ತಲೆಕೆಳಗು. ಅವರ ಸುದ್ದಿ ಓದಿದ ದಿನ ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಯಲ್ಲಿ ಸಂಕಟವೂ ಆಯಿತು. ನಮ್ಮ ಹೆಂಗಸರೇನು ಅವರಿಗಿಂತ ಕಡಿಮೆ ದುಡಿಯುವವರಲ್ಲ.

ತರಬೇತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಒಕ್ಕೂಟದಲ್ಲಿ ಹೊಲಿಗೆ ತರಬೇತಿಯ ಸರ್ಟಿಫಿಕೇಟ್ ಇರುವವರೇ ನಲವತ್ತಕ್ಕೂ ಜಾಸ್ತಿ ಇದ್ದಾರೆ. ನಮ್ಮೂರಿಗೆ ಬೇಕಾಗಿರುವುದು ಐದಾರು ಟೈಲರ್‌ಗಳು. ಆದರೂ ಪ್ರತಿ ವರ್ಷ ಯಾರಾದರೂ ಬಂದು ಹೊಲಿಗೆ ತರಬೇತಿಗೆ ಮೂವತ್ತು ಹೆಸರು ಕೊಡಿ ಅನ್ನುತ್ತಾರೆ. ಒಮ್ಮೆ ನಮ್ಮನ್ನು ಕೇಳಿ ಬನ್ನಿ. ನಮ್ಮ ಹುಡುಗಿಯರಿಗೆ ಪ್ಯಾಕೆಟ್ ಮೇಲೆ ಏನು ಬರೆಯಬೇಕು, ಆಹಾರ ಸುರಕ್ಷತೆಯ ನೋಂದಣಿ ಹೇಗೆ ಮಾಡಿಸಬೇಕು, ಹುಬ್ಬಳ್ಳಿಯ ದೊಡ್ಡ ಅಂಗಡಿಯವರ ಜೊತೆ ದರ ಹೇಗೆ ಮಾತಾಡಬೇಕು, ಇವು ಬೇಕಾಗಿವೆ. ತರಬೇತಿ ಮಾಡುವುದಾದರೆ ಊರಲ್ಲೇ ಮಾಡಿ. ಹಾಲು ಕುಡಿಯುವ ಕೂಸಿರುವವಳು ಹತ್ತು ದಿನ ತಾಲ್ಲೂಕಿಗೆ ಓಡಾಡಲಾರಳು. ಬಸ್ಸು ಫ್ರೀ ಇದೆ ನಿಜ, 2023ರ ಜೂನ್‌ನಿಂದ ಶಕ್ತಿ ಯೋಜನೆ ನಮ್ಮ ಓಡಾಟವನ್ನೇ ಬದಲಿಸಿದೆ, ಪುಡಿಯ ಚೀಲ ಹೊತ್ತು ಹಾವೇರಿ, ಹುಬ್ಬಳ್ಳಿ ಸಂತೆಗೆ ಹೋಗುವ ಧೈರ್ಯ ಬಂದದ್ದೇ ಅದರಿಂದ. ಆದರೆ ಕೂಸನ್ನು ಯಾರು ನೋಡಿಕೊಳ್ಳಬೇಕು? ಪಂಚಾಯಿತಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಚೆನ್ನಾಗಿ ನಡೆಯುವ ಕಡೆ ಹೆಂಗಸರು ನಿಶ್ಚಿಂತೆಯಿಂದ ಕೆಲಸಕ್ಕೆ ಬರುತ್ತಾರೆ. ಉದ್ಯೋಗಕ್ಕೆ ಅಂತ ಹಣ ಇಡುವವರು ಅದರಲ್ಲಿ ಒಂದು ಪಾಲನ್ನು ಮಗು ನೋಡಿಕೊಳ್ಳುವವಳ ಕೂಲಿಗೆ ಇಟ್ಟರೆ ಅದು ಬೇರೆ ಕೆಲಸಕ್ಕೆ ಹೋದ ಹಣವಲ್ಲ, ಅದೇ ಕೆಲಸದ ಹಣ.

ವರದಿಯ ನಮೂನೆಯ ಬಗ್ಗೆಯೂ ಒಂದು ಕೋರಿಕೆ ಇದೆ. ಅದರಲ್ಲಿ ಫಲಾನುಭವಿಗಳ ಸಂಖ್ಯೆ ಕೇಳುತ್ತೀರಿ, ಫೋಟೋ ಕೇಳುತ್ತೀರಿ, ಖರ್ಚಾದ ಹಣ ಕೇಳುತ್ತೀರಿ. ಏನು ಕೆಟ್ಟಿತು ಅಂತ ಬರೆಯಲು ಒಂದು ಸಾಲೂ ಇರುವುದಿಲ್ಲ. ನಮ್ಮ ಒಕ್ಕೂಟದ ಇನ್ನೊಂದು ಸಂಘ ಫಿನಾಯಿಲ್ ಮಾಡಿ ಹದಿನೆಂಟು ಸಾವಿರ ಕಳೆದುಕೊಂಡಿತು. ಬಾಟಲಿ ಸೋರುತ್ತಿತ್ತು, ಅಂಗಡಿಯವರು ವಾಪಸ್ ಕೊಟ್ಟರು. ಆ ವರದಿ ತುಂಬುವಾಗ ಅಧ್ಯಕ್ಷೆಯ ಕೈ ನಡುಗುತ್ತಿತ್ತು. ನಷ್ಟ ಅಂತ ಬರೆದರೆ ಮುಂದೆ ಯಾರೂ ಹಣ ಕೊಡುವುದಿಲ್ಲ ಅನ್ನುವ ಭಯ. ಕೊನೆಗೆ "ಮಾರಾಟ ಪ್ರಗತಿಯಲ್ಲಿದೆ" ಅಂತ ಬರೆದೆವು. ನಾನೇ ಬರೆದೆ. ಅದು ಸುಳ್ಳು, ನನಗೆ ಈಗಲೂ ಅದು ಚುಚ್ಚುತ್ತದೆ. ಆ ಸಾಲು ಓದಿದವರು ಇನ್ನೊಂದು ಊರಿಗೆ ಅದೇ ಫಿನಾಯಿಲ್ ತರಬೇತಿ ಕೊಟ್ಟಿರಲೂಬಹುದು. ನಿಜ ಬರೆದರೆ ಶಿಕ್ಷೆ ಇಲ್ಲ ಅನ್ನುವ ಧೈರ್ಯ ಕೊಡಿ. ನಮ್ಮ ನಷ್ಟದಿಂದ ಇನ್ನೊಬ್ಬರಾದರೂ ಉಳಿಯಲಿ.

ಹಣ ದುರುಪಯೋಗ ಆದರೆ ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಸಂಘದ ಹಣ ಮುಳುಗಿಸಿದವರು ನಮ್ಮ ಕಡೆಯೂ ಇದ್ದಾರೆ, ಮುಚ್ಚಿಡುವುದಿಲ್ಲ. ಅದಕ್ಕೇ ಐದು ಸೂತ್ರ ಇವೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಈ ಐದರಲ್ಲಿ ಗಟ್ಟಿ ಇರುವ ಸಂಘಕ್ಕೆ ಮಾತ್ರ ಕೊಡಿ. ಬಂದು ನಮ್ಮ ಪುಸ್ತಕ ನೋಡಿ. ಫೋಟೋ ತೆಗೆಯುವ ಅರ್ಧ ಗಂಟೆಯಲ್ಲಿ ನಡಾವಳಿ ಪುಸ್ತಕದ ಹತ್ತು ಪುಟ ತಿರುವಿದರೆ, ಯಾವ ಸಂಘ ನಿಜ, ಯಾವುದು ಕಾಗದದ್ದು ಅಂತ ಗೊತ್ತಾಗುತ್ತದೆ. ಒಬ್ಬರದೇ ಕೈಬರಹದಲ್ಲಿ ಎಲ್ಲರ ಸಹಿ ಇದ್ದರೆ ಎದ್ದು ಹೋಗಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ.

ನಮ್ಮ ಮಷೀನು ಈಗ ತಿರುಗುತ್ತಿದೆ. ಹೋದ ವರ್ಷ ಐದು ಕ್ವಿಂಟಲ್ ತಂದೆವು. ಹನ್ನೊಂದು ಜನ ಇದ್ದದ್ದು ಹದಿನಾಲ್ಕು ಆಗಿದ್ದಾರೆ. ಬೆಂಡೋಲೆ ಕಳೆದುಕೊಂಡವಳು ಈಗ ಪ್ಯಾಕಿಂಗ್ ನೋಡಿಕೊಳ್ಳುತ್ತಾಳೆ. ಆದರೂ ಸೆಪ್ಟೆಂಬರ್‌ಗೆ ಮಾಲು ಮುಗಿಯುತ್ತದೆ. ದಸರಾ, ದೀಪಾವಳಿಗೆ ಗಿರಾಕಿಗಳು ಫೋನ್ ಮಾಡಿದಾಗ ಇಲ್ಲ ಅನ್ನಬೇಕಾಗುತ್ತದೆ. ಮತ್ತೆ ತಾಡಪತ್ರಿ ಹೊದಿಸಿ ಜನವರಿಗೆ ಕಾಯುತ್ತೇವೆ.

ಈ ಪತ್ರ ಓದಿದವರಲ್ಲಿ ಯಾರಾದರೂ ಮುಂದಿನ ವರ್ಷದ ಅನುದಾನದ ಷರತ್ತು ಬರೆಯುತ್ತಿದ್ದರೆ, ಮಂಜೂರಾತಿಯ ಕೆಲಸವನ್ನು ಡಿಸೆಂಬರ್‌ನೊಳಗೆ ಮುಗಿಸಿ. "ಯಂತ್ರೋಪಕರಣಕ್ಕೆ ಮಾತ್ರ" ಅನ್ನುವ ಸಾಲಿನ ಪಕ್ಕ "ಕಚ್ಚಾ ಮಾಲಿಗೂ" ಅಂತ ಸೇರಿಸಿ. ಬರೆಯುವ ಮೊದಲು ಒಂದು ಮಂಗಳವಾರ ಸಂಜೆ ಆರು ಗಂಟೆಗೆ ನಮ್ಮೂರಿಗೆ ಬಂದರೆ ಇನ್ನೂ ಒಳ್ಳೆಯದು. ಸಭೆ ಆಗ ಇರುತ್ತದೆ. ಹಿರಿಯಕ್ಕ ಇರುತ್ತಾರೆ. ನಿಮಗೆ ಚಾಪೆ ಹಾಸಿ, ಚಹಾ ಕೊಟ್ಟು, ಅದೇ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.

ಇತಿ,
ಒಕ್ಕೂಟದ ಪುಸ್ತಕ ಬರಹಗಾರ್ತಿ
ಹಾವೇರಿ ಜಿಲ್ಲೆ